ಕುದುರೆ ಕೊಟ್ಟು ಫಟಫಟಿ ತಂದ ಜಕ್ಕಪ್ಪ

ಜಕ್ಕಪ್ಪ ತನ್ನ ಕುದುರೆ ಕೊಟ್ಟು ತಂದ ಫಟಫಟಿ ಯಾವ ಕಂಪನಿಯದು ಎಂದು ನನ್ನನ್ನು ಕೇಳಬೇಡಿ. ಟ್ಯಾಂಕಿನ ಮೇಲೆ ಹೆಸರು ಇದ್ದಿರಬಹುದು. ಆದರೆ ಆ ಹೆಸರಿನ ಮೇಲೆ ಲಗಮಣ್ಣ ಸಾವಕಾರರ ಕೋಳಿಗಳು ನಾಲ್ಕು ವರ್ಷ ಕೂತೆದ್ದು ಹೋಗಿದ್ದವು. ಸೀಟಿನ ಮೇಲೆ ಗೇಣುದ್ದ ಹಿಕ್ಕಿ. ನಾನು ಉಳಿ ಸುತ್ತಿಗೆ ತೆಗೆದುಕೊಂಡು ಕೆತ್ತುತ್ತ ಹೋದೆ. ಮೊದಲ ಪದರಿನಲ್ಲಿ ಆ ವರ್ಷದ ಜೋಳ ಸಿಕ್ಕಿತು, ಅದರ ಕೆಳಗೆ ಹಿಂದಿನ ವರ್ಷದ ಸಜ್ಜೆ, ಅದಕ್ಕೂ ಕೆಳಗೆ ಸಾವಕಾರರ ಮಗಳ ಮದುವೆಯ ಅಕ್ಷತೆ. ಇನ್ನೊಂದು ಪದರು ಕೆತ್ತಿದ್ದರೆ ಹಳಗನ್ನಡದ ಶಾಸನವೇ ಸಿಗುತ್ತಿತ್ತೇನೋ. ಅಷ್ಟರಲ್ಲಿ ನನಗೆ ವಾಕರಿಕೆ ಬಂದು ಬಿಟ್ಟುಬಿಟ್ಟೆ. ಅವತ್ತು ಮೂಗಿನೊಳಗೆ ಹೋದ ಆ ವಾಸನೆ ಇನ್ನೂ ಹೊರಗೆ ಬಂದಿಲ್ಲ.

ಇದು ೧೯೮೭ರ ಬೇಸಿಗೆಯ ಮಾತು. ಏಕಸಂಬಿಯಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ಅದಕ್ಕೂ ಮುಂಚೆ ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯ ಹತ್ತಿರ ಎರಡು ತಿಂಗಳು ಕೆಲಸಕ್ಕಿದ್ದೆ. ಅವರ ಫಟಫಟಿ ತೊಳೆಯುವುದು, ಒರೆಸುವುದು, ಒಮ್ಮೊಮ್ಮೆ ಟಾರು ರಸ್ತೆಯ ಮೇಲೆ ಪೆಟ್ರೋಲ್ ಪಂಪಿನವರೆಗೆ ಹೋಗಿ ಬರುವುದು. ಈ ಎರಡು ತಿಂಗಳ ಸುದ್ದಿಯನ್ನು ನಾನು ಊರಿನಲ್ಲಿ ಎಷ್ಟು ಉಬ್ಬಿಸಿ ಹೇಳಿದ್ದೆನೆಂದರೆ, ಫಟಫಟಿ ಕಂಡುಹಿಡಿದವನು ನನ್ನನ್ನು ಕೇಳಿಯೇ ಕಂಡುಹಿಡಿದ ಎಂದು ಅರ್ಧ ಊರು ನಂಬಿತ್ತು. ಅದಕ್ಕೇ ಜಕ್ಕಪ್ಪ ನನ್ನ ಅಂಗಡಿಗೆ ಬಂದ. ಬಾಯಿ ಬಡಾಯಿಗೆ ಇಂಥ ಶಿಕ್ಷೆ ಯಾವ ಕೋರ್ಟೂ ಕೊಡುವುದಿಲ್ಲ.

ಜಕ್ಕಪ್ಪ ಕುರಿ ಕಾಯುವವನು. ನೂರಿಪ್ಪತ್ತು ಕುರಿ, ಒಬ್ಬ ತಮ್ಮ ಭೀಮಸಿ, ಹೆಂಡತಿ ಸತ್ತೆವ್ವ, ಒಂದು ಬಿಳಿ ಹೆಣ್ಣು ಕುದುರೆ. ಮಗಳು ಮಲಕವ್ವನನ್ನು ಕಾಗವಾಡದ ಕಡೆ ಕೊಟ್ಟಾಗಿತ್ತು. ಬೇಸಿಗೆಯಲ್ಲಿ ಇವರ ದೊಡ್ಡಿ ನಮ್ಮ ಎರೆಹೊಲಗಳಲ್ಲಿ ಇಳಿಯುತ್ತಿತ್ತು. ಗೊಬ್ಬರಕ್ಕಾಗಿ ಹೊಲದವರು ಕರೆದು ಕುರಿ ಕೂಡಿಸಿಕೊಳ್ಳುತ್ತಿದ್ದರು, ಬದಲಿಗೆ ಜೋಳ ಅಳೆದು ಕೊಡುತ್ತಿದ್ದರು. ಮೃಗಶಿರಾ ಮಳೆಗೆ ನಮ್ಮ ಕಡೆ ಮಿರಗ ಎನ್ನುತ್ತೇವೆ. ಮಿರಗ ಕೂಡುವ ಹೊತ್ತಿಗೆ ದೊಡ್ಡಿ ಹಳ್ಳ ದಾಟಿ ರಾಯಬಾಗದ ಕಡೆಯ ಕಲ್ಲುಮರಡಿ ಸೇರಲೇಬೇಕು. ಎರೆಮಣ್ಣಿನ ರಾಡಿಯಲ್ಲಿ ನಾಲ್ಕು ದಿನ ನಿಂತರೆ ಕುರಿಯ ಕಾಲು ಕೊಳೆಯುತ್ತವೆ. ಆ ವಾಸನೆಯ ಮುಂದೆ ಕೋಳಿ ಹಿಕ್ಕಿ ಊದುಬತ್ತಿ.

ಹೊರಡುವಾಗ ಕುದುರೆಯ ಬೆನ್ನ ಮೇಲೆ ಸಂಸಾರವೆಲ್ಲ ಏರುತ್ತಿತ್ತು: ಕಂಬಳಿ, ಜೋಳದ ಚೀಲ, ಪಾತ್ರೆ, ಕುರಿ ಕೂಡುವ ಬಲೆ, ಎರಡೂ ಬದಿಗೆ ಚೀಲದಲ್ಲಿ ಹಸಿಮರಿಗಳು. ಅದರ ಕೊರಳಿನಲ್ಲಿ ಒಂದು ಕಂಚಿನ ಗಂಟೆ. ಗಂಟೆ ಎತ್ತ ಹೋದರೆ ಕುರಿಗಳು ಅತ್ತ. ಕುರಿಗಳ ಹಿಂದೆ ಸತ್ತೆವ್ವ, ನಡೆದುಕೊಂಡು. ಹನ್ನೊಂದು ವರ್ಷ ಹೀಗೇ ನಡೆದು ಅವಳ ಎಡಮೊಳಕಾಲು ಬಾತು ಸಿಪ್ಪೆ ಸುಲಿಯದ ತೆಂಗಿನಕಾಯಿಯಂತೆ ಆಗಿತ್ತು. ಆ ಬೇಸಿಗೆಯಲ್ಲಿ ಅವಳು ಖಡಾಖಂಡಿತ ಹೇಳಿಬಿಟ್ಟಳು.

"ಈ ವರ್ಷ ನನ್ನ ಕಾಲ ಬರೂದಿಲ್ಲ. ಸದಲಗಾದಾಗ ತಮ್ಮನ ಮನ್ಯಾಗ ಇರ್ತೀನಿ. ನೀವು ಅಣ್ಣಾತಮ್ಮ ಹೋಗಿ ಬರ್ರಿ."

ಹೋಗಿ ಬರುವುದೆಂದರೆ ಆರು ತಿಂಗಳು. ಜಕ್ಕಪ್ಪ ನನ್ನ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಈ ಸುದ್ದಿ ಹೇಳಿದ.

"ಇರಲಿ ಬಿಡೋ. ಆರು ತಿಂಗಳು ಆರಾಮ ಇರು. ಬೈಯಾವರು ಇರೂದಿಲ್ಲ," ಎಂದೆ.

"ಅದನ್ನೇ ಅಂತೀನಿ ಜ್ಞಾನದೇವಣ್ಣಾ. ದೊಡ್ಡ್ಯಾಗ ಬೈಯಾವರು ಇಲ್ಲಂದ್ರ ಹೆಂಗ? ಭೀಮಸಿ ಬಾಯಾಗ ಮಾತ ಇಲ್ಲ, ಕುರಿ ಬಾಯಾಗೂ ಇಲ್ಲ. ನಾ ಹುಚ್ಚ ಆಗತೀನಿ," ಎಂದ. ನಗುತ್ತಿರಲಿಲ್ಲ.

ಅವನ ಲೆಕ್ಕ ಹೀಗಿತ್ತು. ಕುದುರೆ ಸಾಮಾನು ಹೊತ್ತು ಒಂದು ಮಜಲು ನಡೆದರೆ ಅವತ್ತಿಗೆ ಅದರ ಕೆಲಸ ಮುಗಿಯಿತು. ಅದೇ ಫಟಫಟಿಯಾದರೆ ಸಾಮಾನು ಇಳಿಸಿ, ತಿರುಗಿ ಬಂದು, ಸತ್ತೆವ್ವನನ್ನೂ ಕೂಡಿಸಿಕೊಂಡು ಹೋಗುತ್ತದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹೋಗಬೇಕಾದ ದಾರಿಯಲ್ಲಿ ದಾರಿಯೇ ಇರಲಿಲ್ಲ: ಕಬ್ಬಿನ ಹೊಲದ ಬದು, ಚಕ್ಕಡಿ ಗಾಲಿ ಕೊರೆದ ತಗ್ಗು, ಎರೆಮಣ್ಣು, ಹಳ್ಳ, ಆಮೇಲೆ ತಲೆಬುರುಡೆಯಷ್ಟಷ್ಟು ದಪ್ಪ ಕಲ್ಲು. ಟಾರು ರಸ್ತೆಯಲ್ಲಿ ನೂರಿಪ್ಪತ್ತು ಕುರಿಗೆ ಮೇವೂ ಇಲ್ಲ, ಲಾರಿಯವರಿಗೆ ಕರುಣೆಯೂ ಇಲ್ಲ.

ಲಗಮಣ್ಣ ಸಾವಕಾರರಿಗೆ ಕಬ್ಬಿನ ಹೊಲ ಬಹಳ, ದಿಮಾಕು ಅದಕ್ಕಿಂತ ಬಹಳ. ಫಟಫಟಿ ಕೊಂಡ ಮೂರನೆಯ ದಿನವೇ ಅದು ಅವರನ್ನು ತಮ್ಮದೇ ಗಾಣದ ಕೊಳಚೆಗುಂಡಿಗೆ ಒಗೆದಿತ್ತು. ಅಂದಿನಿಂದ ಅದು ಕೋಳಿಗಳ ಪಾಲು. ಸಾವಕಾರರಿಗೆ ಈಗ ಬಿಳಿ ಕುದುರೆ ಏರಿ ಊರಲ್ಲಿ ಮೆರೆಯುವ ಹುಚ್ಚು. ಇಬ್ಬರ ಗರಜೂ ಒಂದಕ್ಕೊಂದು ಕೂಡಿತು. ಕೈಗೆ ಕೈ ಬದಲು, ಮಧ್ಯೆ ದುಡ್ಡಿಲ್ಲ.

ದನದ ಸಂತೆಯಲ್ಲಿ ದರ ಮಾಡುವಾಗ ಕೈಮೇಲೆ ಟವೆಲ್ ಹೊದ್ದು, ಒಳಗೆ ಬೆರಳು ಮುಟ್ಟಿ ಮಾತಾಡುವುದು ನಮ್ಮಲ್ಲಿ ರೂಢಿ. ಇಲ್ಲಿ ದರವೇ ಇರಲಿಲ್ಲ. ಆದರೂ ಇಬ್ಬರೂ ಟವೆಲ್ ಹೊದ್ದರು! ಟವೆಲ್ಲಿನ ಕೆಳಗೆ ಅರ್ಧ ತಾಸು ಕೈಗಳು ಹೊರಳಾಡಿದವು. ಹೊರಗೆ ಇಬ್ಬರ ಮುಖವೂ ಕಲ್ಲು. ನಾನು ಸಾಕ್ಷಿ. ಅವರು ಏನು ಎಣಿಸುತ್ತಿದ್ದಾರೆಂದು ನನಗೆ ತಿಳಿದದ್ದು ಆಮೇಲೆ. ಸಾವಕಾರರು ಕುದುರೆಯ ಜೊತೆ ಗಂಟೆಯನ್ನೂ ಬೇಡುತ್ತಿದ್ದರಂತೆ. ಅದಕ್ಕೆ ಎರಡು ಕೋಳಿ, ನಾಲ್ಕು ಕೋಳಿ ಎಂದು ಬೆರಳು ಏರಿಸುತ್ತಿದ್ದರಂತೆ. ಜಕ್ಕಪ್ಪ ಪ್ರತಿ ಸಲವೂ ಮುಷ್ಟಿ ಮುಚ್ಚಿದ. ಗಂಟೆ ಕುದುರೆಯದಲ್ಲ, ಕುರಿಗಳದು.

ಕಡೆಗೆ ಕರಾರು ಇಷ್ಟು. ಮಿರಗ ಕೂಡುವ ದಿನ ದೊಡ್ಡಿ ಹಳ್ಳ ದಾಟುವಾಗ ಸಾವಕಾರರು ಕುದುರೆ ಹಿಡಿದು ದಂಡೆಗೆ ಬರಬೇಕು. ಫಟಫಟಿ ಬೇಡ ಎನಿಸಿದರೆ ಅಲ್ಲಿಯೇ ತಿರುಗಿ ಬದಲು. ಬೇಕು ಬೇಡ ಹೇಳುವವಳು ಸತ್ತೆವ್ವ, ಯಾಕೆಂದರೆ ಕುದುರೆ ಮರಿಯಾಗಿದ್ದಾಗ ಅವಳ ತವರಿನಿಂದ ಬಂದದ್ದು. ಅವಳು ಒಮ್ಮೆ ಹೇಳಿದ ಮೇಲೆ ಮಾತು ಮುಗಿಯಿತು.

ಸತ್ತೆವ್ವ ಫಟಫಟಿಯ ಸುತ್ತ ಒಂದು ಸುತ್ತು ಕುಂಟುತ್ತ ಬಂದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕುರಿಗಳ ನಡುವೆ ಇಪ್ಪತ್ತೆರಡು ವರ್ಷ ಬಾಳಿದ ಹೆಣ್ಣುಮಗಳು ಮೂಗು ಮುಚ್ಚಿಕೊಂಡಳೆಂದರೆ ನೀವೇ ಊಹಿಸಿ.

"ಥೂ! ಇದರ ಮ್ಯಾಲ ನಾನು? ನನ್ನ ಹೆಣಾನೂ ಏರಿಸಬ್ಯಾಡ್ರಿ. ಮಿರಗಕ್ಕ ಕುದುರಿ ಹೊಳ್ಳಿ ತಗೊಂಡು ನಾ ಸದಲಗಾಕ್ಕ ಹೊಕ್ಕೇನಿ," ಎಂದಳು.

ಜಕ್ಕಪ್ಪನ ಮುಂದೆ ಇಪ್ಪತ್ನಾಲ್ಕು ದಿನ ಇದ್ದವು.

ಮೊದಲ ಪಾಠವನ್ನು ನಾನು ಕೊಯ್ಲಾದ ಕಬ್ಬಿನ ಹೊಲದಲ್ಲಿ ಇಟ್ಟುಕೊಂಡೆ. ಕ್ಲಚ್ಚು ಇದು, ಗೇರು ಇದು, ಬ್ರೇಕು ಇದು ಎಂದು ಹೇಳಿ ನಾನು ಹಿಂದೆ ಕೂತೆ. ಜಕ್ಕಪ್ಪ ನಾಲಿಗೆಯಿಂದ ಟಕ್ ಟಕ್ ಎನಿಸಿದ, ಹಿಮ್ಮಡಿಯಿಂದ ಫಟಫಟಿಯ ಪಕ್ಕೆಗೆ ಒದ್ದ. ಗಾಡಿ ಹೊರಟಿತು. ಹೊಲದ ತುದಿ ಬಂತು. "ನಿಂದರಿಸೋ!" ಎಂದು ಕೂಗಿದೆ.

ನಿಲ್ಲಿಸಿದ, ತನಗೆ ತಿಳಿದ ಹಾಗೆ. ಮೂವತ್ತು ವರ್ಷ ಕುದುರೆ ಹತ್ತಿದವನು ನಿಲ್ಲಿಸಬೇಕೆಂದರೆ ಏನು ಮಾಡುತ್ತಾನೆ? ಎರಡೂ ಕೈಯಿಂದ ಲಗಾಮು ಎದೆಗೆ ಎಳೆಯುತ್ತಾನೆ. ಫಟಫಟಿಯ ಬಲಗೈ ಹಿಡಿಕೆಯನ್ನು ಎದೆಗೆ ಎಳೆದರೆ ಅದು ಹಿಂದಕ್ಕೆ ತಿರುಗಿ ಗಾಡಿಯ ವೇಗ ಇನ್ನೂ ಏರುತ್ತದೆ. ಗಾಡಿ ಜಿಗಿಯಿತು. ಇವನು ಹೆದರಿ ಇನ್ನೂ ಎಳೆದ. ಅದು ಇನ್ನೂ ಜಿಗಿಯಿತು. "ಹೋ ಹೋ ಹೋ! ಹೋ ನಮ್ಮವ್ವಾ!" ಎಂದು ಇವನು ಬೇಡಿಕೊಳ್ಳುತ್ತಲೇ ಇದ್ದ, ಅದು ಬದು ಹಾರಿತು, ಕಾಲುವೆ ಹಾರಿತು, ಒಂದು ಎಮ್ಮೆಯನ್ನೂ ಹಾರಿತೆಂದು ನಾನು ಈಗಲೂ ಪ್ರಮಾಣ ಮಾಡುತ್ತೇನೆ. ಕಡೆಗೆ ಸಾವಕಾರರ ತಿಪ್ಪೆಯೊಳಗೆ ಹೋಗಿ ತನ್ನಷ್ಟಕ್ಕೆ ನಿಂತಿತು.

ತಿಪ್ಪೆಯೆಂದರೆ ಒಣ ತಿಪ್ಪೆಯಲ್ಲ. ಮೇಲೆ ಬಿಸಿಲಿಗೆ ಹಪ್ಪಳ ಕಟ್ಟಿತ್ತು, ಒಳಗೆ ಪಾಯಸ. ನಾನು ಸೊಂಟದವರೆಗೆ ಇಳಿದೆ. ಬಾಯಿ ತೆರೆದುಕೊಂಡು ಕೂಗುತ್ತಿದ್ದದ್ದು ನನ್ನದೇ ತಪ್ಪು.

ಬದುವಿನ ಮೇಲೆ ಕೂತ ಸತ್ತೆವ್ವ ಹೇಳಿದಳು: "ಜ್ಞಾನದೇವಣ್ಣಾ, ರುಚಿ ಹೆಂಗೈತಿ? ನಿಪ್ಪಾಣ್ಯಾಗ ಇದನ್ನೂ ಕಲತ ಬಂದ್ರೇನು?"

ನಾಲ್ಕು ದಿನ ಇದೇ ನಡೆಯಿತು. ನಿಲ್ಲು ಎಂದರೆ ಹಾರುವುದು. ನನ್ನ ಅಂಗಿಯನ್ನು ನನ್ನ ಹೆಂಡತಿ ಕೋಲಿನಿಂದ ಎತ್ತಿ ಹೊರಗೆ ಎಸೆದಳು, ಆಮೇಲೆ ಅದೇ ಕೋಲನ್ನು ನನ್ನ ಕಡೆಗೂ ತೋರಿಸಿದಳು. ಕಡೆಗೆ ಉಪಾಯ ಹೊಳೆದದ್ದು ಜಕ್ಕಪ್ಪನಿಗೇ. ಎಳೆದರೆ ಓಡುವುದಾದರೆ ದಬ್ಬಿದರೆ ನಿಲ್ಲಬೇಕಲ್ಲ? ಅವನು ನಿಲ್ಲಿಸಬೇಕಾದಾಗ ದೇವರಿಗೆ ಬಾಗುವಂತೆ ಮುಂದಕ್ಕೆ ಬಾಗತೊಡಗಿದ. ಬಾಗಿದರೆ ಹಿಡಿಕೆ ಮುಂದಕ್ಕೆ ತಿರುಗಿ ಗಾಡಿ ಮೆತ್ತಗಾಗುತ್ತಿತ್ತು; ಆಗ ಕಾಲು ಬ್ರೇಕಿನ ಮೇಲೆ ಇಡುತ್ತಿದ್ದ. ದಾರಿಹೋಕರು ತಮಗೇ ನಮಸ್ಕಾರ ಮಾಡಿದನೆಂದು ತಿಳಿದು ತಿರುಗಿ ಕೈ ಮುಗಿಯುತ್ತಿದ್ದರು.

ಇಳಿದ ಮೇಲೆ ಮುಂದಿನ ಗಾಲಿಗೆ ಹಗ್ಗ ಕಟ್ಟುವ ಚಾಳಿಯೂ ಇತ್ತು. ಕುದುರೆಯ ಮುಂಗಾಲಿಗೆ ಕಟ್ಟಿದ ಹಾಗೆ, ಮೇಯುತ್ತ ದೂರ ಹೋಗದಿರಲಿ ಎಂದು. ಬೆಳಿಗ್ಗೆ ಹಗ್ಗ ಬಿಚ್ಚುವುದು ಮರೆಯುತ್ತಿದ್ದ. ಅಂಥ ಎರಡು ಬೆಳಗ್ಗೆ ನಾನು ಹಿಂದಿನ ಸೀಟಿನಿಂದ ಹೊರಟು ಜಕ್ಕಪ್ಪನ ತಲೆಯ ಮೇಲಿಂದ ಹಾಯ್ದು ಅವನಿಗಿಂತ ಮೊದಲು ನೆಲ ಮುಟ್ಟಿದ್ದೇನೆ. ನೆಲದ ತುಂಬ ಕುರಿ ಹಿಕ್ಕಿ. ಕುರಿ ಹಿಕ್ಕಿ ಗುಂಡಗೆ, ಒಣಗಿ, ಚೊಕ್ಕಾಗಿ ಕಾಣಿಸುತ್ತದೆ. ಹಲ್ಲಿನ ಸಂದಿಯಲ್ಲಿ ಹೊಕ್ಕ ಮೇಲೆ ಅದರ ನಿಜಗುಣ ತಿಳಿಯುತ್ತದೆ.

ಇನ್ನೊಂದು ತೊಡಕು ಕುರಿಗಳದು. ಫಟಫಟಿಯ ಸದ್ದಿಗೆ ಅವು ದಿಕ್ಕಾಪಾಲು. ಒಂದು ಸಂಜೆ ಚದುರಿದ ಕುರಿಗಳನ್ನು ಹುಡುಕಿಕೊಂಡು ಭೀಮಸಿ ಅಥಣಿಯವರೆಗೆ ಹೋಗಿ ಬಂದ. ಅವನು ಮಾತಾಡುವವನಲ್ಲ, ಎಲ್ಲಿಗೆ ಹೋಗಿದ್ದೆ ಎಂದರೆ ಕೈಮಾಡಿ ತೋರಿಸಿದ, ಕೈ ಅಥಣಿಯ ದಿಕ್ಕಿಗಿತ್ತು, ನಾನು ಅಷ್ಟರ ಮೇಲೆ ಹೇಳುತ್ತಿದ್ದೇನೆ. ಆಗ ಜಕ್ಕಪ್ಪ ಕುದುರೆಯ ಗಂಟೆಯನ್ನು ತಂದು ಹ್ಯಾಂಡಲ್ಲಿಗೆ ಕಟ್ಟಿದ. ಎರಡು ದಿನ ಕುರಿಗಳು ಕಿವಿ ನಿಮಿರಿಸಿ ನಿಂತವು. ಮೂರನೆಯ ದಿನ ಹಿಂದೆ ಬಂದವು. ಆಮೇಲೆ ಬಿಡಲೇ ಇಲ್ಲ. ಫಟಫಟಿ ಹೊರಟರೆ ನೂರಿಪ್ಪತ್ತು ಕುರಿ ಹಿಂದೆ ಓಟ. ಫಟಫಟಿ ಬಿದ್ದರೆ ನೂರಿಪ್ಪತ್ತು ಕುರಿ ಬಿದ್ದವರ ಮೇಲೆ. ಬಿದ್ದ ನೋವು ಹೋಗುತ್ತದೆ, ನಾನೂರ ಎಂಬತ್ತು ಗೊರಸು ಬೆನ್ನ ಮೇಲೆ ಹಾಯ್ದ ನೋವು ಹೋಗುವುದಿಲ್ಲ. ಅವು ಹಾಯುವಾಗ ಸುಮ್ಮನೆ ಹಾಯುವುದೂ ಇಲ್ಲ, ಹಿಂದೆ ಏನಾದರೂ ಬಿಟ್ಟೇ ಹೋಗುತ್ತವೆ.

ಅತ್ತ ಸಾವಕಾರರ ಹಿತ್ತಲಲ್ಲಿ ಕುದುರೆ ಕಂಬದ ಹಾಗೆ ನಿಂತಿತ್ತು. ಗಂಟೆ ಇಲ್ಲದೆ ಅದು ಹೆಜ್ಜೆ ಕೀಳಲೊಲ್ಲದು. ಸಾವಕಾರರು ತಲೆಗೆ ಪಟಗಾ ಸುತ್ತಿಕೊಂಡು ಬೆನ್ನೇರಿ ಕೂತರೆ ಕೂತಲ್ಲೇ ಮಧ್ಯಾಹ್ನವಾಗುತ್ತಿತ್ತು. ಊರ ಮಂದಿ ಹಾಯ್ದು ಹೋಗುತ್ತ, "ಸಾವ್ಕಾರ್ರ, ಎಲ್ಲೀಮಟ ಬಂತ್ರಿ ಸವಾರಿ?" ಎಂದು ಕೇಳುತ್ತಿದ್ದರು. ಎಲ್ಲೋ ದೂರದಲ್ಲಿ ಜಕ್ಕಪ್ಪನ ಗಂಟೆ ಕೇಳಿದರೆ ಮಾತ್ರ ಕುದುರೆ ಆ ದಿಕ್ಕಿಗೆ ಒಮ್ಮೆಲೇ ನುಗ್ಗುತ್ತಿತ್ತು. ಪಟಗಾ ಹಿಂದೆ ಬೀಳುತ್ತಿತ್ತು, ಸಾವಕಾರರು ಅದಕ್ಕೂ ಹಿಂದೆ.

ಹದಿನೈದನೆಯ ದಿನ ಅಡ್ಡಮಳೆ ಹೊಡೆಯಿತು. ಎರೆಮಣ್ಣು ಒಣಗಿದಾಗ ಕಬ್ಬಿಣ, ತೊಯ್ದಾಗ ಅಂಟು. ೧೯೭೯ರಲ್ಲಿ ಆ ಹಳ್ಳದ ಬದಿಯಲ್ಲಿ ಅದು ನುಂಗಿದ ನನ್ನ ಎಡಗಾಲಿನ ಚಪ್ಪಲಿ ಇನ್ನೂ ಬಂದಿಲ್ಲ. ಈ ರಾಡಿಯಲ್ಲೇ ಸತ್ತೆವ್ವನನ್ನು ಕೂಡಿಸಿಕೊಂಡು ದಾಟಬೇಕು. ನಾನು ನಿಪ್ಪಾಣಿಯ ವಿದ್ಯೆಯನ್ನೆಲ್ಲ ಬಿಚ್ಚಿದೆ.

"ಹ್ಯಾಂಡಲ್ ಬಿಗಿ ಹಿಡಿ. ಎರಡೂ ಕಾಲ ನೆಲಕ್ಕ ಇಳಿಬಿಡು. ಕಣ್ಣು ಮುಂದಿನ ಗಾಲಿ ಮ್ಯಾಲ ಇಡು."

ಬಿಗಿ ಹಿಡಿದ, ಬಿದ್ದೆವು. ಕಾಲು ಇಳಿಬಿಟ್ಟ, ಕಾಲು ರಾಡಿಯಲ್ಲಿ ಸಿಕ್ಕು ಗಾಡಿ ಮುಂದೆ ಹೋಯಿತು, ನಾವು ಅಲ್ಲೇ ಉಳಿದೆವು. ಗಾಲಿ ನೋಡಿದ, ಗಾಲಿ ಎತ್ತ ಬಿತ್ತೋ ಅತ್ತಲೇ ಬಿದ್ದೆವು. ಒಂದು ಬೆಳಿಗ್ಗೆ ಹತ್ತೊಂಬತ್ತು ಸಲ ಬಿದ್ದದ್ದನ್ನು ಸತ್ತೆವ್ವ ಬದುವಿನ ಮೇಲೆ ಕೂತು ಬೆರಳು ಮಡಚಿ ಎಣಿಸಿದಳು. ಬೆರಳು ಸಾಲದೆ ನನ್ನ ಬೆರಳು ಕೇಳಿದಳು. ರಾಡಿಯಲ್ಲಿ ಬರೀ ಮಣ್ಣಿರಲಿಲ್ಲ. ಹದಿನೈದು ದಿನದಿಂದ ಅಲ್ಲಿ ನೂರಿಪ್ಪತ್ತು ಕುರಿ ಕೂತಿದ್ದವು. ಬಿಸಿಲಿಗೆ ಆ ಲೇಪ ಮೈಮೇಲೆ ಒಣಗಿ ಬಿಗಿಯುತ್ತ ಬಂದರೆ, ಹುಬ್ಬು ಎತ್ತಿದಾಗ ಕಿವಿಯೂ ಜೊತೆಗೆ ಏಳುತ್ತಿತ್ತು. ಹಳ್ಳದ ನೀರಿನಲ್ಲಿ ಮೂರು ಸಲ ಮಿಂದೆ. ಮನೆಗೆ ಹೋದರೆ ನಾಯಿ ನನ್ನನ್ನು ಕುರಿ ಎಂದು ತಿಳಿದು ಒಳಗೆ ಕೂಡಿಹಾಕಿತು.

ಇಪ್ಪತ್ತನೆಯ ಸಲ ಬಿದ್ದ ಮೇಲೆ ಜಕ್ಕಪ್ಪ ಏಳಲಿಲ್ಲ. ರಾಡಿಯಲ್ಲೇ ಕೂತು ಮುಖ ಒರೆಸಿಕೊಂಡ.

"ಜ್ಞಾನದೇವಣ್ಣಾ, ಒಂದು ಮಾತ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಿಮಗ ಇದರ ಗಂಧ ಗಾಳಿ ಇಲ್ಲ."

"ಗಾಳಿ ಇಲ್ಲ. ಗಂಧ ಮಾತ್ರ ಬೇಕಾದಷ್ಟೈತಿ," ಎಂದೆ.

"ನೀವು ಇಳೀರಿ. ದಂಡೀಗೆ ನಿಂದರ್ರಿ."

ಇಳಿದೆ. ಆಮೇಲೆ ಅವನು ಮಾಡಿದ್ದನ್ನು ನೋಡಿ ನಾನು ನಿಪ್ಪಾಣಿಯ ಸುದ್ದಿ ಹೇಳುವುದನ್ನೇ ಬಿಟ್ಟೆ. ಅವನು ಸೀಟಿನ ಮೇಲೆ ಕೂಡಲಿಲ್ಲ. ಕುದುರೆಯ ರಿಕಾಪಿನಲ್ಲಿ ಎದ್ದು ನಿಲ್ಲುವ ಹಾಗೆ ಕಾಲಿಡುವ ಗೂಟಗಳ ಮೇಲೆ ಎದ್ದು ನಿಂತ. ಮೊಳಕಾಲು ಸಡಿಲು, ಕೈ ಸಡಿಲು, ಕಣ್ಣು ಗಾಲಿಯ ಮೇಲಲ್ಲ, ಆಚೆ ದಂಡೆಯ ಜಾಲಿಗಿಡದ ಮೇಲೆ. ಗಾಡಿ ಎಡಕ್ಕೆ ಜಾರಿತು, ಬಿಟ್ಟ. ಬಲಕ್ಕೆ ಬಾಲ ಬೀಸಿತು, ಬಿಟ್ಟ. ಹಿಡಿಕೆ ಮಾತ್ರ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಒಂದೇ ಸಮ. ಗಾಡಿ ಅವನ ಕೆಳಗೆ ಕುಡಿದವನಂತೆ ಹೊಯ್ದಾಡುತ್ತ ಹೋಯಿತು, ಅವನು ಮೇಲೆ ನೆಟ್ಟಗೆ ಇದ್ದ. ಅರ್ಧಕ್ಕೆ ಹೋಗಿ ಬಿದ್ದ. ಎದ್ದು ಮತ್ತೆ ನಿಂತ. ಮುಕ್ಕಾಲಿಗೆ ಹೋಗಿ ಬಿದ್ದ. ಮಧ್ಯಾಹ್ನದ ಹೊತ್ತಿಗೆ ಆಚೆ ಜಾಲಿಗಿಡದ ಕೆಳಗೆ ನಿಂತು ಗಂಟೆ ಬಾರಿಸಿದ.

"ಕುದುರಿ ರಾಡ್ಯಾಗ ಹೊಕ್ಕಾಗ ಹಿಂಗ ಮಾಡ್ತೀವಲ್ರಿ. ಹಾದಿ ಅದಕ್ಕ ಗೊತ್ತಿರ್ತೈತಿ. ನಾವು ನಡುವ ಶ್ಯಾಣ್ಯಾತನ ಮಾಡಬಾರದು, ಅಷ್ಟ," ಎಂದ.

"ಕುದುರಿಗೆ ಜೀವ ಐತೋ. ಇದಕ್ಕ ಹಾದಿ ಏನು ಗೊತ್ತು?"

"ನಿಮಗೂ ಜೀವ ಐತಿ. ನಿಮಗ ಗೊತ್ತಿತ್ತೇನು?"

ಸತ್ತೆವ್ವ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ, "ಒಬ್ಬನ ದಾಟೂದು ಬ್ಯಾರೆ. ನನ್ನಂಥಾ ಚೀಲ ಹಿಂದ ಕುಂತಾಗ ತಿಳೀತೈತಿ. ನಾ ಸದಲಗಾಕ್ಕ ಹೊಕ್ಕೇನಿ," ಎಂದು ಎದ್ದು ಕುಂಟುತ್ತ ಹೋದಳು. ಜಕ್ಕಪ್ಪ ಅವಳ ಆ ಎಡಗಾಲನ್ನೇ ನೋಡುತ್ತ ನಿಂತ. ಉಳಿದ ದಿನಗಳೆಲ್ಲ ಜೋಳದ ಚೀಲವನ್ನು ಹಿಂದೆ ಕಟ್ಟಿಕೊಂಡು ರಾಡಿ ದಾಟಿದ. ಅವಳಷ್ಟೇ ತೂಕದ ಚೀಲ; ಬೈಯುವುದಿಲ್ಲ ಎನ್ನುವುದೊಂದೇ ಕೊರತೆ.

ಮಿರಗ ಕೂಡುವ ದಿನ ಬೆಳಗಿನಿಂದಲೇ ಮೋಡ ನೆಲಕ್ಕೆ ಹತ್ತಿತ್ತು. ಹಿಂದಿನ ದಿನದ ಮಳೆಗೆ ಹಳ್ಳದ ಈಚೆ ಒಂದು ಫರ್ಲಾಂಗು ಹೊಲ ಅಂಬಲಿಯಾಗಿತ್ತು. ಹಳ್ಳದಲ್ಲಿ ಮೊಳಕಾಲುದ್ದ ಕೆಂಚು ನೀರು, ಅದರಲ್ಲಿ ಮೇಲಿನಿಂದ ತೇಲಿ ಬಂದ ಒಂದು ಸತ್ತ ಹೆಗ್ಗಣ ನನ್ನ ಕಾಲಿಗೇ ಬಂದು ತಗಲಿತು. ನೂರು ಮಂದಿ ನಿಂತಿದ್ದರೂ ಅದು ನನ್ನನ್ನೇ ಹುಡುಕುತ್ತಿತ್ತು. ಲಗಮಣ್ಣ ಸಾವಕಾರರು ಪಟಗಾ ಕಟ್ಟಿ, ಬಿಳಿ ಧೋತರ ಉಟ್ಟು, ಕುದುರೆಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಬಂದರು. ಆ ದಿಕ್ಕಿನಲ್ಲಿ ಗಂಟೆ ಇತ್ತಾದ್ದರಿಂದ ಕುದುರೆ ಖುಷಿಯಿಂದ ನಡೆದು ಬಂದಿತ್ತು.

"ಏನ್ ಜಕ್ಕಪ್ಪಾ, ಕೋಳಿ ಗೂಡ ಹೊಳ್ಳಿ ಕೊಡ್ತೀಯೇನು?" ಎಂದರು. ಮಾತಿನಲ್ಲಿ ಜಂಬ ಇತ್ತು, ಕಣ್ಣಿನಲ್ಲಿ ಬೇಡಿಕೆ. ಕುದುರೆ ಅವರಿಗೂ ಸಾಕಾಗಿತ್ತು.

ಮೊದಲ ಸಾರಿ ಜಕ್ಕಪ್ಪ ಬಲೆ, ಪಾತ್ರೆ, ಜೋಳ ಕಟ್ಟಿಕೊಂಡು ದಾಟಿದ. ಗಂಟೆಯ ಹಿಂದೆ ಕುರಿಗಳೆಲ್ಲ ದಾಟಿದವು. ಸಾಮಾನು ಇಳಿಸಿ ತಿರುಗಿ ಬಂದ, ಕುರಿಗಳೂ ತಿರುಗಿ ಬಂದವು. ಎರಡನೆಯ ಸಾರಿ ಕಂಬಳಿ, ಹಸಿಮರಿ. ಕುರಿಗಳು ಮತ್ತೆ ಆಚೆಗೆ, ಮತ್ತೆ ಈಚೆಗೆ. ನಾಲ್ಕು ಸಲ ದಾಟಿದ ಕುರಿಗಳು ನಾಲಿಗೆ ಹೊರಗೆ ಹಾಕಿ ನಿಂತವು. ಮೌನದ ಭೀಮಸಿಯೂ ಬಾಯಿ ಬಿಟ್ಟ: "ಅಣ್ಣಾ, ಇನ್ನ ಸಾಕು." ಆ ವರ್ಷ ಅವನು ಆಡಿದ ಮಾತು ಅದೊಂದೇ.

ಈಗ ಉಳಿದದ್ದು ಸತ್ತೆವ್ವ. ಜಕ್ಕಪ್ಪ ಗಾಡಿ ಅವಳ ಮುಂದೆ ತಂದು ನಿಲ್ಲಿಸಿದ. ಅವಳು ಸೀರೆ ಎತ್ತಿ ಕಟ್ಟಿಕೊಂಡು, ನಡೆದೇ ದಾಟುತ್ತೇನೆ ಎನ್ನುವ ಹಾಗೆ ರಾಡಿಗೆ ಕಾಲಿಟ್ಟಳು. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಎಡಗಾಲು ಹೂತು, ಕೀಳಹೋದವಳು ಮೊಳಕಾಲು ಹಿಡಿದುಕೊಂಡು ಹಲ್ಲು ಕಚ್ಚಿದಳು.

"ಬಾ ತಂಗಿ, ಕುದುರಿ ಹತ್ತು. ನಿನ್ನ ತವರಿನ ಕುದುರಿ," ಎಂದರು ಸಾವಕಾರರು.

ಅವಳು ಕುದುರೆಯನ್ನು ನೋಡಿದಳು. ಆಮೇಲೆ ತಿರುಗಿ ಗಂಡನ ಭುಜ ಹಿಡಿದು, "ಥೂ ಥೂ" ಎನ್ನುತ್ತಲೇ ಫಟಫಟಿ ಏರಿದಳು. ಏರಿ ಕೂತವಳು ಮೊದಲು ಮಾಡಿದ ಕೆಲಸ, ಕೈ ಚಾಚಿ ಹ್ಯಾಂಡಲ್ಲಿನ ಗಂಟೆ ಬಿಚ್ಚಿಕೊಂಡು ಅದರ ನಾಲಿಗೆ ಅಲುಗದಂತೆ ಮುಷ್ಟಿಯಲ್ಲಿ ಬಿಗಿದದ್ದು. "ಎಷ್ಟ ಸಲ ಓಡಾಡಸ್ತೀ ಆ ಜೀವಗಳನ್ನ? ಇಷ್ಟು ತಿಳಿಬಾರದೇನು?"

ಕುರಿಗಳು ನಿಂತಲ್ಲೇ ನಿಂತವು. ಇಪ್ಪತ್ನಾಲ್ಕು ದಿನ ನಮ್ಮಿಬ್ಬರ ತಲೆಗೂ ಇದು ಹೊಳೆದಿರಲಿಲ್ಲ.

ಗಾಡಿ ರಾಡಿಗೆ ಇಳಿಯಿತು. ಜಕ್ಕಪ್ಪ ಗೂಟದ ಮೇಲೆ ಎದ್ದು ನಿಂತ. ಹಿಂದೆ ಸತ್ತೆವ್ವ ಒಂದು ಕೈಯಿಂದ ಅವನ ನಡುಪಟ್ಟಿ ಹಿಡಿದು ಒಂದೇ ಸಮ ಬೈಯುತ್ತಿದ್ದಳು. ನಡುರಾಡಿಯಲ್ಲಿ ಹಿಂದಿನ ಗಾಲಿ ಎಡಕ್ಕೆ ಬೀಸಿತು. ಬೈಗುಳ ಒಂದು ಕ್ಷಣ ನಿಂತಿತು.

"ಬಿಗಿ ಹಿಡೀಬ್ಯಾಡ. ಸಡ್ಲ ಕೂಡು," ಎಂದು ಜಕ್ಕಪ್ಪ ಹೇಳಿದ್ದು ಕೇಳಿಸಿತು. "ಹೊಯ್ದಾಡಲಿ ಬಿಡು."

ಬೈಗುಳ ಮತ್ತೆ ಶುರುವಾಯಿತು. ಗಾಡಿ ನೆಟ್ಟಗಾಯಿತು, ನೀರಿಗೆ ಇಳಿಯಿತು, ಹೊಗೆ ಕಾರುತ್ತ ಆಚೆ ಏರಿತು, ಜಾಲಿಗಿಡದ ಕೆಳಗೆ ಜಕ್ಕಪ್ಪ ದೇವರಿಗೆ ಬಾಗಿದಂತೆ ಬಾಗಿ ನಿಲ್ಲಿಸಿದ. ಸತ್ತೆವ್ವನ ಮೈಯಲ್ಲಿ ರಾಡಿ ಇಲ್ಲದ ಜಾಗವೆಂದರೆ ಎರಡು ಕಣ್ಣು ಮತ್ತು ಗಂಟೆ ಹಿಡಿದ ಆ ಮುಷ್ಟಿಯ ಒಳಭಾಗ. ಅವಳು ಮುಷ್ಟಿ ಬಿಚ್ಚಿ ಗಂಟೆ ಆಡಿಸಿದಳು.

ಕುರಿಗಳು ಹೊರಟವು. ಅವಕ್ಕಿಂತ ಮೊದಲು ಕುದುರೆ ಹೊರಟಿತು. ಅದರ ಹಗ್ಗ ಸಾವಕಾರರ ಕೈಗೆ ಸುತ್ತಿತ್ತು ಎಂದು ಹೇಳಿದೆನಲ್ಲ. ಅವರು ಹೊಟ್ಟೆಯ ಮೇಲೆ ಫರ್ಲಾಂಗು ರಾಡಿಯನ್ನು ದೋಣಿಯ ಹಾಗೆ ಸೀಳಿಕೊಂಡು ಹೋದರು. ಅವರು ಹೋದ ಗುರುತಿನಲ್ಲಿ ಆಮೇಲೆ ಮೂರು ವರ್ಷ ನೀರು ಹರಿಯಿತು.

ಕುದುರೆ ಹೋಗಿ ಸತ್ತೆವ್ವನ ಹೆಗಲ ಮೇಲೆ ಮುಖ ಇಟ್ಟು ನಿಂತಿತು. ನಾನೂ ಹೇಗೋ ದಾಟಿ ಹೋದೆ. ಅವಳು ಅದರ ಹಣೆಯ ಮೇಲಿನ ರಾಡಿ ಒರೆಸಿದಳು, ಕಿವಿಯ ಹಿಂದೆ ಕೆರೆದಳು. ಜಕ್ಕಪ್ಪ ಬೇರೆಲ್ಲೋ ನೋಡುತ್ತಿದ್ದ. ಸಾವಕಾರರು ಬಾಯಿಂದ ಮಣ್ಣು ತೆಗೆದು, "ಹೇಳಬೇ ನಮ್ಮವ್ವಾ. ತಗೊಂಡ ಬಿಡು. ನಿನಗ ಕೈ ಮುಗಿತೀನಿ," ಎಂದರು.

ಸತ್ತೆವ್ವ ಫಟಫಟಿಯ ಕಡೆ ನೋಡಿ ಮುಖ ಹಿಂಡಿದಳು.

"ಇದು ಹೇಸಿ ಐತಿ. ನಾರತೈತಿ. ಹೊಟ್ಟ್ಯಾಗಿಂದೆಲ್ಲಾ ಬಾಯಿಗೆ ತರತೈತಿ," ಎಂದಳು. "ಆದ್ರ ಕೂಡ್ರಿಸಿಕೊಂತು. ಕುದುರಿ ನಮ್ಮಪ್ಪ ಕೊಟ್ಟದ್ದು ಖರೆ. ಹನ್ನೊಂದು ವರ್ಷ ಅದರ ಬಾಲ ನೋಡಕೋಂತ ನಡದೀನ್ರಿ ಸಾವ್ಕಾರ್ರ. ಒಂದು ದಿನಾನೂ ಬೆನ್ನು ಖಾಲಿ ಇರ್ಲಿಲ್ಲ ಅದಕ್ಕ. ಒಯ್ಯರಿ."

"ಹಂಗಾರ ಗಂಟೀನರ..."

"ಗಂಟಿ ಕುರೀದು," ಎಂದು ಮುಷ್ಟಿ ಮುಚ್ಚಿದಳು.

ಅವಳೇ ಕುದುರೆಯ ಮುಖವನ್ನು ಹೆಗಲಿನಿಂದ ಸರಿಸಿದಳು, ಗಂಟೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹಿಂದಿನ ಸೀಟಿಗೆ ಏರಿದಳು. ಸೆರಗಿನೊಳಗಿಂದಲೂ ಅದು ಮೆಲ್ಲಗೆ ಸದ್ದು ಮಾಡುತ್ತಿತ್ತು. ಆ ಸದ್ದು ಮರಡಿ ದಾಟಿ ಅಡಗುವವರೆಗೆ ಸಾವಕಾರರು ಮತ್ತು ನಾನು ಸೇರಿ ಕುದುರೆಯನ್ನು ಜಾಲಿಗಿಡಕ್ಕೆ ಬಿಗಿದು ಕಾಯಬೇಕಾಯಿತು. ಸಂಜೆಯವರೆಗೆ ಕಾದೆವು, ಮೈಮೇಲೆ ಒಣಗುತ್ತಿದ್ದ ರಾಡಿಯನ್ನು ಒಬ್ಬರದೊಬ್ಬರು ಸುಲಿಯುತ್ತ.

೧೯೯೬ರವರೆಗೆ ಆ ಫಟಫಟಿ ಓಡಿತು, ಪ್ರತಿ ಮಿರಗಕ್ಕೂ ಸತ್ತೆವ್ವನನ್ನು ಹೊತ್ತುಕೊಂಡು. ಜಕ್ಕಪ್ಪ ಹತ್ತದ ಮರಡಿ ಇಲ್ಲ, ಇಳಿಯದ ಹಳ್ಳ ಇಲ್ಲ. ಟಾರು ರಸ್ತೆ ಮಾತ್ರ ಕಡೆಯವರೆಗೆ ಅವನಿಗೆ ಬರಲೇ ಇಲ್ಲ. ಅಷ್ಟು ನುಣುಪು ನೆಲ ಕಂಡರೆ ಹೆದರುತ್ತಿದ್ದ. ಅಡ್ಡ ರಸ್ತೆ ಬಂದರೆ ಗಂಡ ಹೆಂಡತಿ ಇಳಿದು, ಎರಡೂ ಕಡೆ ನೋಡಿ, ಫಟಫಟಿಯನ್ನು ಕುರಿ ದಾಟಿಸಿದ ಹಾಗೆ ದಬ್ಬಿಕೊಂಡು ದಾಟಿಸಿ, ಆಚೆಯ ಹೊಲದಲ್ಲಿ ಮತ್ತೆ ಏರುತ್ತಿದ್ದರು. ಸಾವಕಾರರ ಹಿತ್ತಲ ಹತ್ತಿರ ಬಂದಾಗ ಸತ್ತೆವ್ವ ಗಂಟೆಯನ್ನು ಮುಷ್ಟಿಯಲ್ಲಿ ಮುಚ್ಚುತ್ತಿದ್ದಳು. ಜಕ್ಕಪ್ಪ ಅತ್ತ ನೋಡುತ್ತಿರಲಿಲ್ಲ.

ಒಮ್ಮೆ ರಾಯಬಾಗದ ಕಡೆ ಹೋದವನು ಅವರ ದೊಡ್ಡಿಗೂ ಹೋದೆ. ಫಟಫಟಿ ನೆರಳಲ್ಲಿ ನಿಂತಿತ್ತು, ಮುಂದಿನ ಗಾಲಿಗೆ ಹಗ್ಗ ಕಟ್ಟಿತ್ತು. ಸೀಟಿನ ಹಿಂದಿನ ಅರ್ಧಕ್ಕೆ ಕರಿ ಕಂಬಳಿ ಮಡಚಿ ಚೊಕ್ಕಾಗಿ ಹೊಲಿದಿದ್ದರು. ನಡೆದು ಕಾಲು ಸೋತಿದ್ದವು, ಹೋಗಿ ಅದರ ಮೇಲೆ ಕೂತೆ.

ಒಲೆಯ ಮುಂದಿನಿಂದ ಸತ್ತೆವ್ವ ತಿರುಗಿಯೂ ನೋಡದೆ ಹೇಳಿದಳು: "ಜ್ಞಾನದೇವಣ್ಣಾ, ಅದು ನಂದು. ಮುಂದ ಸರೀರಿ."

ಮುಂದೆ ಸರಿದು ಕೂತೆ. ಅಲ್ಲಿ ಕುರಿಮರಿ ಉಚ್ಚೆ ಹೊಯ್ದಿತ್ತು.